ಹಳೇ ಪದ್ಮಿನಿಯ ಶಬ್ದ ಮತ್ತು ಮೀಟರ್: ಯಾವುದಕ್ಕೆ ಮೊದಲು ಕೈ ಹಾಕಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಹಾಸನದಲ್ಲಿ ನಿಮ್ಮ ತಂದೆಯವರ 1986ರ ಪ್ರೀಮಿಯರ್ ಪದ್ಮಿನಿ ಇದೆ. ವೇಗ ನಲವತ್ತು ದಾಟಿದರೆ ಎಲ್ಲಿಂದಲೋ ಟಿಕ್ ಟಿಕ್ ಶಬ್ದ ಬರುತ್ತದೆ, ಸ್ಪೀಡೋಮೀಟರಿನ ಮುಳ್ಳು ನಡುಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಡ್ಯಾಶ್‌ಬೋರ್ಡ್‌ನ ಕೆಂಪು ದೀಪ ಮಿಣುಕುತ್ತದೆ. ಎಂಜಿನ್ ಬಿಚ್ಚಿ ಪೂರ್ತಿ ಕೆಲಸ ಮಾಡಿಸಬೇಕು ಎಂದು ಗ್ಯಾರೇಜಿನವರು ಹೇಳಿದ್ದಾರೆ. ಅದರ ಜೊತೆಗೇ ಹಳೇ ಮೀಟರ್ ಎಲ್ಲ ಕಿತ್ತು ಹೊಸ ಡಿಜಿಟಲ್ ಸೆಟ್ ಹಾಕಿಸೋಣವೇ ಎಂದು ಕೇಳಿದ್ದೀರಿ.

ದಯವಿಟ್ಟು ಎರಡೂ ಕೆಲಸ ಸ್ವಲ್ಪ ತಡೆಯಿರಿ. ನಮ್ಮ ಮನೆಯ ಪದ್ಮಿನಿಯನ್ನು ಮೈಸೂರಿನಲ್ಲಿ ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ನೀವು ಹೇಳಿದ್ದರಲ್ಲಿ ಒಂದೇ ಕಾಯಿಲೆ ಕಾಣುತ್ತಿಲ್ಲ. ಬೇರೆ ಬೇರೆ ಎರಡು ವಿಷಯ ಒಟ್ಟಿಗೆ ಬಂದು ದೊಡ್ಡದಾಗಿ ಕಾಣುತ್ತಿವೆ. ಹೊಸ ಮೀಟರ್‌ಗಳಲ್ಲಿ ಆಯಿಲ್ ಪ್ರೆಶರ್ ಮೀಟರ್ ಒಂದನ್ನು ಮಾತ್ರ ನೀವು ಈಗಲೇ ಹಾಕಿಸಿ ನೋಡಬೇಕು, ಅದೂ ಚೆಂದಕ್ಕಲ್ಲ. ಎಂಜಿನ್ ಬಿಚ್ಚಬೇಕೋ ಬೇಡವೋ ಅಂತ ತಿಳಿಯುವುದೇ ಅದರಿಂದ.

ಮೊದಲು ಶಬ್ದ. ಯಾವ ಹಳೇ ಗಾಡಿಯಲ್ಲೇ ಆಗಲಿ, ಮೊದಲ ಪ್ರಶ್ನೆ ಒಂದೇ: ಶಬ್ದ ಎಂಜಿನ್ ಓಟದ ಜೊತೆ ಏರುತ್ತದೋ, ಗಾಡಿಯ ಓಟದ ಜೊತೆ ಏರುತ್ತದೋ? ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಮೆಲ್ಲಗೆ ರೇಸ್ ಕೊಡಿ. ನಿಂತಲ್ಲೇ ಶಬ್ದ ಬಂದರೆ ಎಂಜಿನ್ ಕಡೆ ಹುಡುಕಿ. ಬರಲಿಲ್ಲ ಅಂದರೆ ಖಾಲಿ ನೇರ ರಸ್ತೆಯಲ್ಲಿ ಐವತ್ತಕ್ಕೆ ಹೋಗಿ, ಗೇರನ್ನು ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಹಾಗೇ ಉರುಳಲು ಬಿಡಿ. ಕೀ ಮಾತ್ರ ಆಫ್ ಮಾಡಬೇಡಿ. ಎಂಜಿನ್ ಸ್ಲೋಗೆ ಇಳಿದರೂ ಟಿಕ್ ಟಿಕ್ ಹಾಗೇ ಇದ್ದು, ಗಾಡಿ ನಿಧಾನವಾದ ಹಾಗೆ ಅದೂ ನಿಧಾನವಾದರೆ, ಎಂಜಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಎರಡು ಪರೀಕ್ಷೆಗೆ ಸ್ಪ್ಯಾನರೂ ಬೇಡ, ದುಡ್ಡೂ ಬೇಡ. ಆದರೂ ಎಷ್ಟೋ ಜನ ಇದನ್ನು ಮಾಡದೆ ನೇರವಾಗಿ ಟ್ಯಾಪೆಟ್ (ಎಂಜಿನ್ ವಾಲ್ವ್‌ಗಳನ್ನು ಆಡಿಸುವ ಭಾಗ) ಕವರ್ ಬಿಚ್ಚುತ್ತಾರೆ.

ನಿಮ್ಮ ವಿಷಯದಲ್ಲಿ ಮುಳ್ಳೂ ನಡುಗುತ್ತಿದೆ ಎಂದಿದ್ದೀರಿ. ಹಾಗಾಗಿ ನನ್ನ ಅನುಮಾನ ಸ್ಪೀಡೋಮೀಟರ್ ಕೇಬಲ್ ಮೇಲೆ. ಆ ಕೇಬಲ್ ಗೇರ್‌ಬಾಕ್ಸಿನಿಂದ ಹೊರಟು ಮೀಟರಿನ ಒಳಗೆ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತದ ಸುತ್ತ ಒಂದು ಅಲ್ಯೂಮಿನಿಯಂ ಬಟ್ಟಲಿದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಹುಟ್ಟುವ ವಿದ್ಯುತ್ ಸುಳಿಗಳು ಅದನ್ನು ಎಳೆಯುತ್ತವೆ. ಒಂದು ಕೂದಲಿನಂಥ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಎರಡರ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಕೇಬಲ್ ಒಣಗಿದರೆ ಅಥವಾ ಎಲ್ಲಾದರೂ ಜಾಸ್ತಿ ಬಾಗಿದ್ದರೆ, ಅದು ಒಂದೇ ಸಮ ತಿರುಗದೆ ಸಿಕ್ಕಿಕೊಂಡು ಜಿಗಿಯುತ್ತದೆ. ಒಂದೊಂದು ಜಿಗಿತಕ್ಕೂ ಒಂದು ಟಿಕ್, ಮುಳ್ಳಿನದೊಂದು ನಡುಕ.

ಖಾತ್ರಿ ಮಾಡಿಕೊಳ್ಳಲು ಗೇರ್‌ಬಾಕ್ಸ್ ಕಡೆಯ ಕೇಬಲ್ ತುದಿ ಬಿಚ್ಚಿ, ಪಕ್ಕಕ್ಕೆ ಕಟ್ಟಿ, ಒಂದು ಸುತ್ತು ಹೋಗಿ ಬನ್ನಿ. ಶಬ್ದ ಮಾಯವಾದರೆ ಕಳ್ಳ ಸಿಕ್ಕಿದ ಹಾಗೆ. ಒಳಗಿನ ತಂತಿಯನ್ನು ಎಳೆದು, ಸೀಮೆಎಣ್ಣೆಯಲ್ಲಿ ಒರೆಸಿ, ಬಟ್ಟೆಯ ಮೇಲೆ ಉರುಳಿಸಿ ನೋಡಿ. ಎಲ್ಲಾದರೂ ಸೊಟ್ಟ ಇದ್ದರೆ ಅಥವಾ ಎಳೆ ಬಿಟ್ಟಿದ್ದರೆ ಹೊಸದು ಹಾಕಿ. ಚೆನ್ನಾಗಿದ್ದರೆ ತೆಳುವಾಗಿ ಗ್ರೀಸ್ ಸವರಿ ವಾಪಸ್ ಹಾಕಿ. ಆದರೆ ಮೀಟರ್ ಕಡೆಯ ಒಂದು ಗೇಣು ಉದ್ದಕ್ಕೆ ಗ್ರೀಸ್ ತಾಗಿಸಬೇಡಿ. ಕೇಬಲ್ ತಿರುಗುತ್ತಾ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಅದು ಆ ಬಟ್ಟಲಿಗೆ ಅಂಟಿದರೆ ಮುಳ್ಳು ಸುಳ್ಳು ಹೇಳಲು ಶುರು ಮಾಡುತ್ತದೆ. ಆಮೇಲೆ ಮೀಟರನ್ನೇ ಬಿಚ್ಚಬೇಕಾಗುತ್ತದೆ.

ಕೇಬಲ್ ಬಿಚ್ಚಿದರೂ ಶಬ್ದ ಉಳಿದರೆ ಹಿಂದಕ್ಕೆ ಹೋಗಿ. ಕ್ಲಚ್ ಬಿಟ್ಟು ಗಾಡಿ ಹೊರಡುವಾಗ ಒಂದು ಸಲ ಟಕ್ ಎಂದು, ಮೆಲ್ಲಗೆ ಹೋಗುವಾಗ ಹಕ್ಕಿ ಕೂಗಿದ ಹಾಗೆ ಕಿಚ್ ಕಿಚ್ ಎಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು, ಒಣಗಿದೆ. ಗುಂಯ್ ಎನ್ನುವ ಶಬ್ದ ಒಂದು ಕಡೆಗೆ ತಿರುಗಿದಾಗ ಜಾಸ್ತಿಯಾಗಿ, ಇನ್ನೊಂದು ಕಡೆಗೆ ತಿರುಗಿದಾಗ ಕಡಿಮೆಯಾದರೆ ಚಕ್ರದ ಬೇರಿಂಗ್. ಹಂಪ್ ಮೇಲೆ ಮಾತ್ರ ಬಂದರೆ ಸಸ್ಪೆನ್ಷನ್ನಿನ ಬುಷ್. ವೀಲ್ ಕ್ಯಾಪ್ ಒಳಗೆ ಬಿದ್ದ ಒಂದು ಸಣ್ಣ ಕಲ್ಲೂ ಇಷ್ಟೇ ಶಬ್ದ ಮಾಡುತ್ತದೆ, ಅದನ್ನೂ ತೆಗೆದು ನೋಡಿ.

ಇನ್ನು ನಿಂತಲ್ಲೇ ಬರುವ ಟಿಕ್ ಟಿಕ್ ಬಗ್ಗೆ ಒಂದು ಮಾತು, ಯಾಕೆಂದರೆ ಇದರಲ್ಲಿ ನಾನು ಕಷ್ಟಪಟ್ಟಿದ್ದೇನೆ. ನಮ್ಮ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟ್ಯಾಪೆಟ್ ಥರದ್ದೇ ಶಬ್ದ ಬರುತ್ತಿತ್ತು. ಒಂದೇ ವರ್ಷದಲ್ಲಿ ಮೂರು ಸಲ ಟ್ಯಾಪೆಟ್ ಅಡ್ಜಸ್ಟ್ ಆಯಿತು. ಎರಡು ದಿನ ಸರಿ ಇದ್ದ ಹಾಗೆ ಅನ್ನಿಸುವುದು, ಮತ್ತೆ ಅದೇ. ಕೊನೆಗೆ ಒಂದು ಭಾನುವಾರ ಬಾನೆಟ್ ತೆಗೆದು ಸುಮ್ನೆ ಕೂತು ಕೇಳಿಸಿಕೊಂಡೆ. ಎಂಜಿನ್ ಬಿಸಿಯಾಗುತ್ತಾ ಹೋದ ಹಾಗೆ ಶಬ್ದ ಕಡಿಮೆಯಾಗುತ್ತಿತ್ತು. ಸುಮಾರು ಒಂದು ಮೀಟರ್ ಉದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟು ಇನ್ನೊಂದನ್ನು ಮೆಲ್ಲಗೆ ಆಡಿಸುತ್ತಾ ಹೋದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್‌ಗೆ ಸೇರುವ ಕಡೆ ಬಂದಾಗ ಶಬ್ದ ಕಿವಿಗೇ ಹೊಡೆಯಿತು. ಅಲ್ಲಿ ಸಂದು ಮುಚ್ಚುವ ಪ್ಯಾಕಿಂಗ್ ಸುಟ್ಟು ಹೋಗಿತ್ತು, ಸುತ್ತಲೂ ಕಪ್ಪು ಮಸಿ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತಿತ್ತು, ಅಷ್ಟೇ. ಪ್ಯಾಕಿಂಗ್ ಬದಲಾಯಿಸಿದೆ, ಶಬ್ದ ಹೋಯಿತು. ಆ ಪೈಪ್ ಇವತ್ತಿಗೂ ನನ್ನ ಡಿಕ್ಕಿಯಲ್ಲಿದೆ. ನೀವೂ ಮಾಡುವಾಗ ಫ್ಯಾನ್ ಹತ್ತಿರ ಕೈ, ಅಂಗಿಯ ತೋಳು, ಸರ ಯಾವುದೂ ಹೋಗದ ಹಾಗೆ ನೋಡಿಕೊಳ್ಳಿ.

ಭಯಪಡಬೇಕಾದ ಶಬ್ದ ಬೇರೆಯೇ ಇದೆ. ಅದು ಟಿಕ್ ಅಲ್ಲ. ಎಂಜಿನ್‌ನ ತಳದಿಂದ ಬರುವ ದಪ್ಪ ಡಗ್ ಡಗ್. ಬಿಸಿಯಾದ ಮೇಲೆ, ಅದರಲ್ಲೂ ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಎದ್ದು ಕೇಳುತ್ತದೆ. ಅದು ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದ ಸೂಚನೆ. ಎಂಜಿನ್ ನಿಲ್ಲಿಸಿ ಒಂದು ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೆದು, ಅದರ ತುದಿಯನ್ನು ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗಿಸಿಟ್ಟು, ಸ್ಟಾರ್ಟ್ ಮಾಡಿ ಕೇಳಿ. ನಾಲ್ಕು ಸಿಲಿಂಡರಿಗೂ ಒಂದೊಂದಾಗಿ ಹೀಗೆ ಮಾಡಿ. ಯಾವುದನ್ನು ಕೊಂದಾಗ ಡಗ್ ಡಗ್ ತಗ್ಗುತ್ತದೋ ಅಲ್ಲಿ ತೊಂದರೆ. ನೀವು ಈ ಥರದ ಶಬ್ದ ಹೇಳಿಲ್ಲ. ಅದಕ್ಕೇ ಎಂಜಿನ್ ಬಿಚ್ಚುವ ಮಾತಿಗೆ ನಾನು ಒಪ್ಪುತ್ತಿಲ್ಲ.

ಈಗ ಕೆಂಪು ದೀಪ. ಅದು ಯಾವ ಕೆಂಪು ದೀಪ ಎಂದು ನೀವು ಬರೆದಿಲ್ಲ. ಆಯಿಲ್‌ಗೆ ಒಂದು ದೀಪ ಇದೆ, ಚಾರ್ಜಿಂಗ್‌ಗೆ ಇನ್ನೊಂದಿದೆ. ಡೈನಮೋ ಇರುವ ಗಾಡಿಯಲ್ಲಿ ಎಂಜಿನ್ ತೀರಾ ಸ್ಲೋ ಆದಾಗ ಚಾರ್ಜಿಂಗ್ ದೀಪ ಮಿಣುಕುವುದು ಸಹಜ. ಡೈನಮೋ ಆ ವೇಗದಲ್ಲಿ ಸಾಕಷ್ಟು ಕರೆಂಟ್ ಕೊಡುವುದಿಲ್ಲ. ಹಾಗಾಗಿ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಎಂಜಿನ್ ಮೇಲಿರುವ ಆಯಿಲ್ ಸ್ವಿಚ್ಚಿನ (ಆಯಿಲ್ ಪ್ರೆಶರ್ ಇಳಿದರೆ ದೀಪ ಹಚ್ಚುವ ಸ್ವಿಚ್) ವೈರ್ ತೆಗೆಯಿರಿ. ಆರುವ ದೀಪ ಯಾವುದೋ ಅದು ಆಯಿಲಿನದು. ವೈರ್ ತೆಗೆದರೂ ಯಾವುದೂ ಆರದಿದ್ದರೆ ವೈರ್ ಎಲ್ಲೋ ಗಾಡಿಯ ತಗಡಿಗೆ ತಾಗುತ್ತಿದೆ.

ಆಯಿಲ್ ದೀಪವೇ ಮಿಣುಕುತ್ತಿದ್ದರೆ ಆಗ ಮೀಟರಿನ ಮಾತು ಬರುತ್ತದೆ. ಈ ಸ್ವಿಚ್ಚುಗಳು ಸಾಮಾನ್ಯವಾಗಿ ಪ್ರೆಶರ್ ಸುಮಾರು 5 ಪಿಎಸ್ಐ (ಒತ್ತಡದ ಅಳತೆ) ಹತ್ತಿರಕ್ಕೆ ಇಳಿದಾಗ ಮಾತ್ರ ದೀಪ ಹಚ್ಚುತ್ತವೆ. ಅಂದರೆ ದೀಪ ಆರಿದೆ ಎಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ದೀಪ ಮಿಣುಕಿತು ಎಂದ ಮಾತ್ರಕ್ಕೆ ಎಂಜಿನ್ ಮುಗಿಯಿತು ಅಂತಲೂ ಅಲ್ಲ. ಸ್ವಿಚ್ಚೇ ಕೆಟ್ಟಿರಬಹುದು. ಆಯಿಲ್ ಹಳೆಯದಾಗಿ ತೆಳ್ಳಗಾಗಿರಬಹುದು. ಈಗಿನ ಕಾರಿಗೆ ಹಾಕುವ ತೆಳು ಆಯಿಲನ್ನೇ ಯಾರಾದರೂ ಹಾಕಿರಬಹುದು. ಈ 1089 ಸಿಸಿ ಎಂಜಿನ್‌ಗೆ ನಾನು ಹಾಕುವುದು 20ಡಬ್ಲ್ಯೂ-50 ಎನ್ನುವ ದಪ್ಪ ಆಯಿಲ್.

ಆದ್ದರಿಂದ ಮೊದಲು ಆಯಿಲ್, ಫಿಲ್ಟರ್ ಬದಲಾಯಿಸಿ. ನಂತರ ಆ ಸ್ವಿಚ್ ಬಿಚ್ಚಿದ ಜಾಗಕ್ಕೆ ಒಂದು ಮೆಕ್ಯಾನಿಕಲ್ ಆಯಿಲ್ ಪ್ರೆಶರ್ ಮೀಟರ್ ಹಾಕಿಸಿ ನೋಡಿ. ಇದು ಖರೀದಿಸಲೇಬೇಕು ಅಂತಿಲ್ಲ, ಲಾರಿ ಎಂಜಿನ್ ಕೆಲಸ ಮಾಡುವವರ ಹತ್ತಿರ ಪರೀಕ್ಷೆಗೆ ಅಂತ ಒಂದಿರುತ್ತದೆ. ಮರೆ (ಸ್ಕ್ರೂವಿನಂಥ ಸುತ್ತುಗೆರೆ, ಥ್ರೆಡ್) ಸರಿ ಹೊಂದದಿದ್ದರೆ ಒತ್ತಿ ತಿರುಗಿಸಬೇಡಿ. ಹಳೇ ಸ್ವಿಚ್ಚನ್ನು ಲೇತ್‌ನವರಿಗೆ ತೋರಿಸಿ, ಅದೇ ಮರೆಗೆ ಅಡಾಪ್ಟರ್ ಮಾಡಿಸಿ. ಎಂಜಿನ್ ಬ್ಲಾಕಿನ ಮರೆ ಹಾಳಾದರೆ ರಿಪೇರಿ ತುಂಬಾ ಕಷ್ಟ. ಅರ್ಧ ಗಂಟೆ ಓಡಿಸಿ ಬಿಸಿ ಮಾಡಿದ ಮೇಲೆ ಓದಿ, ತಣ್ಣಗಿರುವಾಗಿನ ಲೆಕ್ಕ ಬೇಡ. ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 10 ಪಿಎಸ್ಐ ಇದ್ದರೆ ಸಾಕು ಎನ್ನುವುದು ಹಳೇ ಎಂಜಿನ್‌ಗಳಿಗೆ ಮೆಕ್ಯಾನಿಕ್‌ಗಳು ಇಟ್ಟುಕೊಂಡ ಅಂದಾಜು. ಅಷ್ಟಿದ್ದು ಡಗ್ ಡಗ್ ಇಲ್ಲದಿದ್ದರೆ ಎಂಜಿನ್ ಮುಟ್ಟಬೇಡಿ. ಒಳ್ಳೇ ಆಯಿಲ್ ಹಾಕಿದ ಮೇಲೂ ಓಡುವಾಗಲೇ ಪ್ರೆಶರ್ ಕಡಿಮೆ ಇದ್ದರೆ ಗ್ಯಾರೇಜಿನವರ ಮಾತು ಸರಿ.

ಕಾಯಂ ಆಗಿ ಹಾಕಿಸುವುದಾದರೆ ನಾನು ಎಲೆಕ್ಟ್ರಿಕ್ ಮೀಟರನ್ನೇ ಹೇಳುತ್ತೇನೆ. ಮೆಕ್ಯಾನಿಕಲ್ ಮೀಟರಿಗೆ ಕುದಿಯುವ ಆಯಿಲ್ ತುಂಬಿದ ಸಣ್ಣ ಪೈಪ್ ನಿಮ್ಮ ಮೊಣಕಾಲಿನ ತನಕ ಬರುತ್ತದೆ. ಅದು ಒಡೆದರೆ ಕಾಲೂ ಸುಡುತ್ತದೆ, ಎಂಜಿನ್ನಿನ ಆಯಿಲೂ ಖಾಲಿಯಾಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಬರುವುದು ವೈರ್ ಮಾತ್ರ. ಆದರೆ ಮೀಟರ್ ಮತ್ತು ಸೆಂಡರ್ (ಎಂಜಿನ್‌ನಲ್ಲಿ ಕೂತು ಮೀಟರಿಗೆ ಲೆಕ್ಕ ಕಳಿಸುವ ಭಾಗ) ಒಂದೇ ಜೋಡಿಯಾಗಿರಬೇಕು, ಒಂದು ಕಂಪನಿಯದು ಇನ್ನೊಂದಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಟಿ ಜಾಯಿಂಟ್ ಹಾಕಿ ಹಳೇ ದೀಪವನ್ನೂ ಉಳಿಸಿಕೊಳ್ಳಿ. ಘಾಟಿಯಲ್ಲಿ ಓಡಿಸುವಾಗ ಕಣ್ಣು ರಸ್ತೆಯ ಮೇಲಿರುತ್ತದೆ, ಮುಳ್ಳು ನೋಡಲು ಆಗುವುದಿಲ್ಲ, ದೀಪ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಸೆಂಡರಿನ ಮರೆಗೆ ಬಿಳಿ ಟೇಪ್ ದಪ್ಪಗೆ ಸುತ್ತಬೇಡಿ. ಅದಕ್ಕೆ ಅರ್ತ್ ಸಿಗುವುದೇ ಆ ಮರೆಯ ಮೂಲಕ.

ಎರಡನೆಯದಾಗಿ ಒಂದು ವೋಲ್ಟ್‌ಮೀಟರ್. ಕರೆಂಟ್ ಅಳೆಯುವ ಆಮ್‌ಮೀಟರ್ ಬೇಡ, ಅದರಲ್ಲಿ ಗಾಡಿಯ ಪೂರ್ತಿ ಚಾರ್ಜಿಂಗ್ ಕರೆಂಟ್ ಡ್ಯಾಶ್‌ಬೋರ್ಡ್ ಹಿಂದೆ ಓಡುತ್ತದೆ, ಹಳೇ ವೈರಿಂಗ್‌ಗೆ ಅದು ಅಪಾಯ. ವೋಲ್ಟ್‌ಮೀಟರಿಗೆ ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಒಂದು ವೈರ್, ಒಂದು ಸಣ್ಣ ಫ್ಯೂಸ್ ಸಾಕು. ಎಂಜಿನ್ ಆಫ್ ಇದ್ದಾಗ 12.6ರ ಆಸುಪಾಸು, ಓಡುವಾಗ 14ರ ಆಸುಪಾಸು ಇದ್ದರೆ ಬ್ಯಾಟರಿ, ಚಾರ್ಜಿಂಗ್ ಎರಡೂ ಚೆನ್ನಾಗಿವೆ. ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸಿದ್ದರೆ ಚಾರ್ಜಿಂಗ್ ದೀಪದ ಜಾಗಕ್ಕೆ ಎಲ್‌ಇಡಿ ಹಾಕಿಸಬೇಡಿ. ಅನೇಕ ಆಲ್ಟರ್ನೇಟರ್‌ಗಳು ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದಲೇ ಎಚ್ಚರಗೊಳ್ಳುವುದು.

ಪೆಟ್ರೋಲ್ ಮೀಟರ್ ತಪ್ಪು ತೋರಿಸಿದರೆ ಟ್ಯಾಂಕಿನ ಸೆಂಡರಿನಿಂದ ಬ್ಯಾಟರಿ ನೆಗೆಟಿವ್‌ಗೆ ಹೊಸ ಅರ್ತ್ ವೈರ್ ಎಳೆದು ನೋಡಿ, ತುಂಬಾ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಬ್ಯಾಟರಿ ಬಿಚ್ಚಿಟ್ಟು ವೈರ್ ಜೋಡಿಸಿ, ಪೆಟ್ರೋಲ್ ಹತ್ತಿರ ಕಿಡಿ ಬೇಡ. ಟೆಂಪರೇಚರ್ ಮೀಟರ್ ಬಗ್ಗೆ ಅನುಮಾನ ಇದ್ದರೆ ಸೆಂಡರ್ ಬಿಚ್ಚಿ, ಅದರ ಲೋಹದ ಮೈಗೆ ಒಂದು ಅರ್ತ್ ವೈರ್ ಕೊಟ್ಟು, ಕುದಿಯುವ ನೀರಿನಲ್ಲಿ ಅದ್ದಿ. ಹಾಸನದ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಆಗ ಮುಳ್ಳು ಎಲ್ಲಿ ನಿಂತಿತೋ ಅದನ್ನು ನೆನಪಿಟ್ಟುಕೊಳ್ಳಿ. ಶಿರಾಡಿ ಘಾಟಿ ಹತ್ತುವಾಗ ಅದು ನಿಮಗೆ ಬೇಕಾಗುತ್ತದೆ.

ಡಿಜಿಟಲ್ ಸೆಟ್ ಬೇಡ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. 1964ರ ಫಿಯಟ್ ಡಿಲೈಟ್‌ನಿಂದ ಬಂದ ಈ ಗಾಡಿಯ ಮುಖವೇ ಆ ಡ್ಯಾಶ್‌ಬೋರ್ಡ್. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಪದ್ಮಿನಿ ತಯಾರಾಗುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಒಮ್ಮೆ ಕೊರೆದ ತಗಡು ವಾಪಸ್ ಬರುವುದಿಲ್ಲ. 52 ಮಿಲಿಮೀಟರ್ ಅಳತೆಯ ಎರಡು ಮೀಟರ್ ಕೂರುವ ಒಂದು ಸಣ್ಣ ತಗಡಿನ ಪಟ್ಟಿ ಮಾಡಿಸಿ ಡ್ಯಾಶ್‌ಬೋರ್ಡ್ ಕೆಳಗೆ, ಈಗಾಗಲೇ ಇರುವ ಸ್ಕ್ರೂಗಳಿಗೇ ತೂಗು ಹಾಕಿ. ನಮ್ಮ ಗಾಡಿಯಲ್ಲಿ ಹಾಗೇ ಮಾಡಿದ್ದೇನೆ, ಒಂದು ತೂತೂ ಕೊರೆದಿಲ್ಲ. ಅಡಾಪ್ಟರ್, ಸೆಂಡರ್ ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಹಳೇ ಸ್ವಿಚ್ ಜೇಬಲ್ಲಿ ಇಟ್ಟುಕೊಂಡೇ ಹೋಗಿ.

ಕೇಬಲ್ ಬಿಚ್ಚಿ ಓಡಿಸಿದಾಗ ಶಬ್ದ ಏನಾಯಿತು, ಬಿಸಿ ಎಂಜಿನ್‌ನಲ್ಲಿ ಸ್ಲೋ ಇದ್ದಾಗ ಎಷ್ಟು ಪ್ರೆಶರ್, ರೇಸ್ ಕೊಟ್ಟಾಗ ಎಷ್ಟು, ಇಷ್ಟು ಇಲ್ಲಿ ಬರೆಯಿರಿ. ಎಂಜಿನ್ ಬಗ್ಗೆ ಆಮೇಲೆ ಮಾತಾಡೋಣ.