ಶಿಶುವಿಹಾರದ ವಾರ್ಷಿಕ ಸ್ವಯಂ ಮೌಲ್ಯಮಾಪನದಲ್ಲಿ ಎಲ್ಲಕ್ಕೂ ‘ಉತ್ತಮ’ ಎಂದೇ ಬರೆಯುತ್ತಿದ್ದೇವೆ. ಇದನ್ನು ಉಪಯುಕ್ತವಾಗಿಸುವುದು ಹೇಗೆ?

ಕೊಡಗಿನ ಸಿದ್ದಾಪುರದ ಬಳಿ ಕಾಫಿ ತೋಟದ ಕಾರ್ಮಿಕರ ಮಕ್ಕಳಿಗಾಗಿ ಶಿಶುವಿಹಾರ ನಡೆಸುತ್ತಿರುವ ತಾವು, ಪ್ರತಿ ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಕೊಡುವ ನಮೂನೆಯನ್ನು ಒಂದೇ ಮಧ್ಯಾಹ್ನ ತುಂಬಿ ಕಳುಹಿಸುತ್ತಿರುವುದಾಗಿಯೂ, ಅದರಿಂದ ಏನೂ ಬದಲಾಗುತ್ತಿಲ್ಲವೆಂದೂ ಬರೆದಿದ್ದೀರಿ. ವಿರಾಜಪೇಟೆ ಭಾಗದಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ನೆನಪಿನಿಂದ ತುಂಬಿದ ನಮೂನೆಯಲ್ಲಿ ‘ಉತ್ತಮ’ ಬಿಟ್ಟು ಬೇರೇನೂ ಮೂಡುವುದಿಲ್ಲ. ದಾಖಲೆಗಳನ್ನು ಮುಂದಿಟ್ಟುಕೊಂಡು ತುಂಬಬೇಕು.

ಮೊದಲು ಹಾಜರಿ ಪುಸ್ತಕವನ್ನು ತಿಂಗಳುವಾರು ಬಿಡಿಸಿ ನೋಡಿ. ನಮ್ಮ ಕೊಡಗಿನಲ್ಲಿ ಹಾಜರಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಇಳಿಯುತ್ತದೆ; ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಒಮ್ಮೆ, ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿ ರೋಬಸ್ಟಾ ಕಾಫಿಯದು ಮುಗಿಯುವ ತನಕ ಇನ್ನೊಮ್ಮೆ. ವಾರ್ಷಿಕ ಸರಾಸರಿ ಇವೆರಡನ್ನೂ ಮುಚ್ಚಿಹಾಕುತ್ತದೆ. ಮಳೆಗಾಲದ ಗೈರುಹಾಜರಿಗೆ ದಾರಿ, ತೋಡು, ಜ್ವರ ಕಾರಣವಾದರೆ, ಕೊಯ್ಲಿನ ಕಾಲದಲ್ಲಿ ಕಾರಣವೇ ಬೇರೆ. ತಮ್ಮ ಬಾಗಿಲು ತೆರೆಯುವ ಮೊದಲೇ ತಾಯಿ ತಂದೆ ಕೆಲಸಕ್ಕೆ ಹೋಗಿರುತ್ತಾರೆ. ಮಗು ಅವರೊಡನೆ ತೋಟಕ್ಕೆ ಹೋಗುತ್ತದೆ, ಇಲ್ಲವೇ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಅಕ್ಕನ ಜೊತೆ ಉಳಿಯುತ್ತದೆ. ಆ ಅಕ್ಕನ ಶಾಲೆಯೂ ತಪ್ಪುತ್ತದೆ. ‘ಪೋಷಕರಿಗೆ ಶಿಕ್ಷಣದಲ್ಲಿ ಆಸಕ್ತಿ ಇಲ್ಲ’ ಎಂದು ಷರಾ ಬರೆಯುವ ಬದಲು, ಕೊಯ್ಲಿನ ತಿಂಗಳುಗಳಲ್ಲಿ ಒಂದು ಗಂಟೆ ಮುಂಚಿತವಾಗಿ ತೆರೆಯಲು ಸಾಧ್ಯವೇ ಎಂದು ಕೇಳಿಕೊಂಡರೆ ಅದು ಮೌಲ್ಯಮಾಪನವಾಗುತ್ತದೆ.

ಎರಡನೆಯದು ಕೋಣೆ. ‘ಆಟಿಕೆಗಳು ಲಭ್ಯವಿವೆಯೇ?’ ಎಂಬುದಕ್ಕೆ ‘ಹೌದು’ ಎಂದು ಬರೆದ ಎಷ್ಟೋ ಕೇಂದ್ರಗಳಲ್ಲಿ ಮರದ ದಿಮ್ಮಿಗಳು ಪ್ಲಾಸ್ಟಿಕ್ ಕವರ್ ಸಹಿತ ಬೀರುವಿನ ಮೇಲೆ ಕುಳಿತಿದ್ದುದನ್ನು ಕಂಡಿದ್ದೇನೆ. ಯಾರನ್ನೂ ಕೇಳದೆ ಮಗು ತಾನೇ ಕೈಚಾಚಿ ತೆಗೆದುಕೊಳ್ಳಬಹುದಾದ ಆಟಿಕೆ ಯಾವುವು ಎಂದು ಪ್ರಶ್ನೆಯನ್ನು ತಿದ್ದಿಕೊಳ್ಳಿ. ಬಳಿಕ ಸಹೋದ್ಯೋಗಿಯೊಬ್ಬರನ್ನು ಅರ್ಧ ಗಂಟೆ ಮೂಲೆಯಲ್ಲಿ ಕೂರಿಸಿ, ಯಾವ ಮಗು ಎಷ್ಟು ಸಲ ಮಾತನಾಡಿತು ಎಂಬುದನ್ನಷ್ಟೇ ಗುರುತು ಹಾಕಲು ಹೇಳಿ. ಕನ್ನಡ ಪದ್ಯ ಹೇಳಿಸುವಾಗ ತುಟಿ ಬಿಚ್ಚದ ಯರವ ಬುಡಕಟ್ಟಿನವರ ಹಾಡಿಯ ಮಗು ಅಥವಾ ಅಸ್ಸಾಮಿನಿಂದ ಬಂದ ಕುಟುಂಬದ ಮಗು, ಹೊರಗೆ ಮಣ್ಣಿನಲ್ಲಿ ಆಡುವಾಗ ತನ್ನ ಮನೆಮಾತಿನಲ್ಲಿ ಬಾಯಿತುಂಬ ಮಾತನಾಡುತ್ತಿರುತ್ತದೆ. ಅಂಥ ಮಗುವಿನ ಹೆಸರಿನ ಮುಂದೆ ‘ಭಾಷಾ ಬೆಳವಣಿಗೆ ಕಡಿಮೆ’ ಎಂದು ಬರೆಯುವುದು ಅನ್ಯಾಯ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ರೂಪಿಸಿದ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಮನೆಮಾತಿಗೆ ಆದ್ಯತೆ ನೀಡಿದ್ದು, ಈ ವಯಸ್ಸಿಗೆ ಪರೀಕ್ಷೆಗಳು ಸಲ್ಲವೆಂದೂ, ವೀಕ್ಷಣೆ ಹಾಗೂ ಮಗು ಮಾಡಿದ ಕೆಲಸದ ಮೂಲಕವೇ ಕಲಿಕೆಯನ್ನು ಅರಿಯಬೇಕೆಂದೂ ಹೇಳುತ್ತದೆ.

ಇನ್ನು, ಇದನ್ನು ಶಿಕ್ಷಕಿ ಒಬ್ಬರೇ ಮಾಡಬಾರದು. ಅಮೆರಿಕದಲ್ಲಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ 1965ರಲ್ಲಿ ಆರಂಭವಾದ ಹೆಡ್ ಸ್ಟಾರ್ಟ್ ಎಂಬ ಸರ್ಕಾರಿ ಕಾರ್ಯಕ್ರಮದ ನಿಯಮಗಳು ವಾರ್ಷಿಕ ಸ್ವಯಂ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿರುವುದಲ್ಲದೆ, ಅದರಲ್ಲಿ ಆಡಳಿತ ಮಂಡಳಿ, ಸಿಬ್ಬಂದಿ ಮತ್ತು ಪೋಷಕರು ಭಾಗಿಯಾಗಬೇಕೆಂದು ವಿಧಿಸುತ್ತವೆ. ನಮ್ಮಲ್ಲಿ ಮೊದಲು ಮರೆತುಹೋಗುವವರು ಸಹಾಯಕಿ. ಯಾವ ಮಗು ಊಟ ಬಿಡುತ್ತದೆ, ಯಾವುದು ಶೌಚಾಲಯಕ್ಕೆ ಹೋಗಲು ಹೆದರುತ್ತದೆ ಎಂಬುದು ಆಕೆಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಪೋಷಕರನ್ನು ರಜೆಯ ದಿನ ಅವರ ಲೈನ್ ಮನೆಯ ಬಳಿಯೇ ಭೇಟಿ ಮಾಡಿ, ‘ತೃಪ್ತಿ ಇದೆಯೇ?’ ಎಂದು ಕೇಳದೆ, ‘ಮಗು ಮನೆಗೆ ಬಂದು ಇಲ್ಲಿಯ ಯಾವ ವಿಷಯ ಹೇಳುತ್ತದೆ?’ ಎಂದು ಕೇಳಿ.

ಕೊನೆಗೆ ಕೊರತೆಗಳು ಹತ್ತು ಕಂಡರೂ ಎರಡನ್ನು ಮಾತ್ರ ಆರಿಸಿ, ಯಾರು, ಯಾವ ತಿಂಗಳೊಳಗೆ ಸರಿಪಡಿಸಬೇಕೆಂದು ಬರೆದುಕೊಳ್ಳಿ. ಆಡಳಿತ ಮಂಡಳಿಗೂ ಒಂದು ಮಾತು ಸ್ಪಷ್ಟಪಡಿಸಬೇಕು: ಈ ನಮೂನೆಯ ಅಂಕಗಳನ್ನು ಶಿಕ್ಷಕಿಯರ ಸಂಬಳ ಅಥವಾ ಮುಂದುವರಿಕೆಗೆ ಜೋಡಿಸಿದ ದಿನದಿಂದ ಯಾರೂ ನಿಜ ಬರೆಯುವುದಿಲ್ಲ. ಕೆಲಸವನ್ನು ಏಪ್ರಿಲ್‌ನಲ್ಲಿ ಆರಂಭಿಸಿದರೆ ಮಳೆಗೆ ಮುನ್ನ ಒಂದು ಬದಲಾವಣೆ ಜಾರಿಗೆ ಬರುತ್ತದೆ. ಎರಡನೆಯದನ್ನು ನವೆಂಬರ್‌ನಲ್ಲಿ, ಕೊಯ್ಲಿನ ಆಳುಗಳು ತೋಟಕ್ಕೆ ಇಳಿಯುವ ಮೊದಲು, ಮತ್ತೊಮ್ಮೆ ಪರಿಶೀಲಿಸಬಹುದು.