ಖಾಲಿ ಒಳಪಟ್ಟಿಗೆ ಐಟಂ ಬೀಳದಿದ್ದರೆ

ನಮಸ್ಕಾರ. ಮೂಡಿಗೆರೆಯ ಹೋಂಸ್ಟೇ ಮೆನುಗೆ ಸಾರ್ಟೆಬಲ್‌ಜೆಎಸ್ (ವೆಬ್ ಪುಟದ ಪಟ್ಟಿಯ ಐಟಂಗಳನ್ನು ಎಳೆದು ಜಾಗ ಬದಲಿಸಲು ಬಿಡುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಹಾಕಿದ್ದೀರಿ, ಕಡುಬನ್ನು ‘ತಿಂಡಿ’ಯ ಒಳಗೆ ಎಳೆದು ಬಿಟ್ಟರೆ ಮತ್ತೆ ಹಳೇ ಜಾಗಕ್ಕೇ ಹೋಗುತ್ತದೆ ಅಂದಿರಿ. ‘ತಿಂಡಿ’ಯಲ್ಲಿ ಇನ್ನೂ ಏನೂ ಇಲ್ಲ ಅಲ್ವಾ? ತೊಂದರೆ ಅಲ್ಲೇ ಇದೆ. ಖಾಲಿ ಯುಎಲ್‌ಗೆ (ಎಚ್‌ಟಿಎಂಎಲ್‌ನಲ್ಲಿ ಪಟ್ಟಿಯ ಟ್ಯಾಗ್) ಎತ್ತರವೇ ಇರುವುದಿಲ್ಲ, ಹಾಗಾಗಿ ಐಟಂ ಬೀಳಲು ಜಾಗ ಸಿಗುವುದಿಲ್ಲ.

ಹಾಸನದ ಒಂದು ಅಂಗಡಿಗೆ ಪಟ್ಟಿ ಮಾಡುವಾಗ ನನಗೂ ಹೀಗೇ ಆಗಿತ್ತು. ಒಳಗಿನ ಯುಎಲ್‌ಗೆ ಸುಮ್ನೆ ಒಂದು ಕೆಂಪು ಬಾರ್ಡರ್ ಕೊಟ್ಟೆ. ಪರದೆ ಮೇಲೆ ಪೆಟ್ಟಿಗೆಯ ಬದಲು ತೆಳ್ಳಗಿನ ಒಂದು ಗೆರೆ ಕಂಡಿತು. ಆಗಲೇ ವಿಷಯ ಗೊತ್ತಾಯಿತು. ಸಿಎಸ್ಎಸ್‌ನಲ್ಲಿ ಮಿನ್-ಹೈಟ್ (ಕನಿಷ್ಠ ಎತ್ತರ) 30 ಪಿಕ್ಸೆಲ್ ಕೊಟ್ಟೆ, ಸರಿಹೋಯಿತು. ನೀವೂ ಮೊದಲು ಇದನ್ನೇ ಮಾಡಿ. ಒಳಗೆ ಐಟಂ ಇಲ್ಲದಿದ್ದರೂ ಪ್ರತಿ ಎಲ್‌ಐ (ಪಟ್ಟಿಯ ಒಂದು ಐಟಂನ ಟ್ಯಾಗ್) ಒಳಗೆ ಯುಎಲ್ ಟ್ಯಾಗ್ ಇರಲೇಬೇಕು.

ಇನ್ನೊಂದು ಮಾತು. ಹೊರಗಿನ ಪಟ್ಟಿಗೆ ಮಾತ್ರ ಸಾರ್ಟೆಬಲ್ ಕಟ್ಟಿದರೆ ಸಾಲದು. ಒಳಗಿನ ಒಂದೊಂದು ಯುಎಲ್‌ಗೂ ಬೇರೆ ಬೇರೆಯಾಗಿ ಕಟ್ಟಿ, ಎಲ್ಲಕ್ಕೂ ಗ್ರೂಪ್ ಹೆಸರು ಒಂದೇ ಇರಲಿ, ಆಗಲೇ ಐಟಂ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗುವುದು. ಎಳೆಯುವಾಗ ಐಟಂ ಅತ್ತಿತ್ತ ಜಾಸ್ತಿ ಕುಣಿದರೆ ಸಾರ್ಟೆಬಲ್‌ನ ಆಯ್ಕೆಗಳಲ್ಲಿ ಸ್ವಾಪ್‌ಥ್ರೆಶೋಲ್ಡ್ (ಐಟಂನ ಎಷ್ಟು ಭಾಗದ ಮೇಲೆ ಬಂದರೆ ಜಾಗ ಬದಲಾಗಬೇಕು ಅನ್ನುವ ಅಳತೆ) 0.65 ಇಟ್ಟು, ಫಾಲ್‌ಬ್ಯಾಕ್‌ಆನ್‌ಬಾಡಿ ಅನ್ನುವುದನ್ನು ಟ್ರೂ ಮಾಡಿ.

ಮೊಬೈಲಿನಲ್ಲಿ ಪುಟ ಸರಿಸಲು ಹೋದರೆ ಐಟಂ ಎದ್ದು ಬರುತ್ತದೆ ಅಂತಲೂ ಬರೆದಿದ್ದೀರಿ. ಅದಕ್ಕೆ ಪ್ರತಿ ಐಟಂಗೂ ಹ್ಯಾಂಡಲ್ (ಹಿಡಿದೆಳೆಯುವ ಸಣ್ಣ ಗುರುತು) ಇಡಿ, ಅದನ್ನು ಹಿಡಿದರೆ ಮಾತ್ರ ಎಳೆಯಲು ಬರಲಿ.

ಸೇವ್ ಮಾಡುವಾಗ ಎಚ್‌ಟಿಎಂಎಲ್ ಅನ್ನೇ ಡೇಟಾಬೇಸಿಗೆ ತುಂಬಬೇಡಿ. ಪ್ರತಿ ಐಟಂನ ಐಡಿ, ಅದು ಯಾವ ಐಟಂನ ಒಳಗಿದೆಯೋ ಅದರ ಐಡಿ, ಸಾಲಿನಲ್ಲಿ ಎಷ್ಟನೆಯದು, ಇಷ್ಟು ಸಾಕು. ಆನ್‌ಎಂಡ್‌ನಲ್ಲಿ (ಎಳೆದು ಬಿಟ್ಟ ಮೇಲೆ ಸಾರ್ಟೆಬಲ್ ಕರೆಯುವ ಫಂಕ್ಷನ್) ಐಟಂ ಬಿಟ್ಟುಬಂದ ಪಟ್ಟಿ, ಸೇರಿದ ಪಟ್ಟಿ ಎರಡರ ಕ್ರಮವನ್ನೂ ಕಳಿಸಿ.