ಚಿತ್ರವೇನೋ ಚೆಂದ, ಲೇಖನಕ್ಕೆ ಒದಗುತ್ತದೆಯೇ?

ವಿಕಿಪೀಡಿಯ ಲೇಖನಗಳಿಗೆ ಚಿತ್ರ ಹುಡುಕುವವರು, ಹಾಕುವವರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು. ಇಲ್ಲಿ ಕಾಮನ್ಸ್ ಎಂದರೆ ವಿಕಿಮೀಡಿಯ ಕಾಮನ್ಸ್, ಎಲ್ಲ ಭಾಷೆಯ ವಿಕಿಪೀಡಿಯಗಳೂ ಚಿತ್ರ ಪಡೆಯುವ ಮುಕ್ತ ಭಂಡಾರ.

ಪ್ರಶ್ನೆ: ವಿಕಿಮೀಡಿಯ ಕಾಮನ್ಸ್‌ಗೆ ನಾನು ಹಾಕಿದ ಕೋಗಿಲೆ ಫೋಟೊ 24 ಮೆಗಾಪಿಕ್ಸೆಲ್‌ನದು. ಹಿನ್ನೆಲೆಯೆಲ್ಲ ಕರಗಿ ಬಹಳ ಚೆನ್ನಾಗಿ ಬಂದಿದೆ. ‘ವ್ಯಾಲ್ಯೂಡ್ ಇಮೇಜ್’ ಮನ್ನಣೆಗೆ ಸೂಚಿಸಿದರೆ, ಸಾಧಾರಣವಾಗಿ ಕಾಣುವ ಇನ್ನೊಂದು ಫೋಟೊವೇ ಮೇಲು ಎಂದುಬಿಟ್ಟರು. ಇದು ನ್ಯಾಯವೇ?
— ಓದುಗರೊಬ್ಬರು, ಶಿವಮೊಗ್ಗ

ನ್ಯಾಯವೇ. ಕಾಮನ್ಸ್‌ನಲ್ಲಿ ಚಿತ್ರಗಳಿಗೆ ಮೂರು ಬಗೆಯ ಮನ್ನಣೆ ಇದೆ, ಒಂದೊಂದರ ಅಳತೆಗೋಲೂ ಬೇರೆ. ‘ಫೀಚರ್ಡ್ ಪಿಕ್ಚರ್’ ನೋಡಿದವರನ್ನು ಬೆರಗುಗೊಳಿಸಬೇಕು. ಅದಕ್ಕೆ ಕನಿಷ್ಠ 2 ಮೆಗಾಪಿಕ್ಸೆಲ್ ಬೇಕು, 7 ಬೆಂಬಲ ಮತ ಬೇಕು, ಬೆಂಬಲ ವಿರೋಧದ ಎರಡರಷ್ಟಾದರೂ ಇರಬೇಕು. ‘ಕ್ವಾಲಿಟಿ ಇಮೇಜ್’ ಕಸುಬಿನ ಪರೀಕ್ಷೆ: ಫೋಕಸ್, ಬೆಳಕು, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ನೋಡುತ್ತಾರೆ, ಚಿತ್ರ ಸದಸ್ಯರೇ ತೆಗೆದದ್ದಾಗಿರಬೇಕು. 2008ರಲ್ಲಿ ಶುರುವಾದ ‘ವ್ಯಾಲ್ಯೂಡ್ ಇಮೇಜ್’ಗೆ ಇವೆರಡೂ ಮುಖ್ಯವಲ್ಲ. ಈ ವಿಷಯವನ್ನು ತೋರಿಸಲು ಕಾಮನ್ಸ್‌ನಲ್ಲಿರುವುದರಲ್ಲೆಲ್ಲ ಹೆಚ್ಚು ಉಪಯೋಗದ ಚಿತ್ರ ಯಾವುದು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಪರಿಶೀಲನೆ ನಡೆಯುವುದು 480×360 ಪಿಕ್ಸೆಲ್ ಅಳತೆಯಲ್ಲಿ. ಅಷ್ಟು ಚಿಕ್ಕದಾದಾಗ ನಿಮ್ಮ 24 ಮೆಗಾಪಿಕ್ಸೆಲ್‌ನಲ್ಲಿ ಏನು ಉಳಿಯುತ್ತದೋ ಅದೇ ಲೆಕ್ಕ.

ಗಂಡು ಕೋಗಿಲೆಯನ್ನೇ ನೋಡಿ. ಅದನ್ನು ಕಾಗೆಯಿಂದ ಬೇರೆ ಮಾಡುವುದು ಕೆಂಪು ಕಣ್ಣು, ಮಾಸಲು ಹಸಿರು ಕೊಕ್ಕು, ಉದ್ದ ಬಾಲ, ಕಪ್ಪು ಗರಿಯ ಮೇಲಿನ ನೀಲಿ ಹೊಳಪು. ಬೆಳ್ಳಗಿನ ಆಕಾಶ ಹಿಂದಿದ್ದರೆ ಕ್ಯಾಮೆರಾ ಆಕಾಶಕ್ಕೆ ಹೊಂದಿಕೊಳ್ಳುತ್ತದೆ, ಹಕ್ಕಿ ಮಸಿಯ ಮುದ್ದೆಯಾಗುತ್ತದೆ. ಎಕ್ಸ್‌ಪೋಷರ್ ಅನ್ನು +1ರವರೆಗೆ ಏರಿಸಿ ತೆಗೆದರೆ ಗರಿಯ ವಿವರ ಉಳಿಯುತ್ತದೆ, ಆಕಾಶ ಬಿಳುಚಿಕೊಂಡರೆ ಕೊಳ್ಳಲಿ. ಇನ್ನೊಂದು ತೊಡಕು ದೂರ. ಹಕ್ಕಿ ಚೌಕಟ್ಟಿನ ಹತ್ತರಲ್ಲೊಂದು ಭಾಗವಿದ್ದರೆ ಚಿಕ್ಕ ಅಳತೆಯಲ್ಲಿ ಕಣ್ಣಿನ ಕೆಂಪು ಒಂದೆರಡು ಪಿಕ್ಸೆಲ್‌ಗೆ ಇಳಿದು ಮಾಯವಾಗುತ್ತದೆ. ಚೌಕಟ್ಟಿನ ಅರ್ಧದಷ್ಟಾದರೂ ಹಕ್ಕಿ ತುಂಬುವಂತೆ ಕತ್ತರಿಸಿ. ಚಿತ್ರ ಈಗಾಗಲೇ ಬೇರೆ ಲೇಖನಗಳಲ್ಲಿ ಬಳಕೆಯಲ್ಲಿದ್ದರೆ ಅದರ ಮೇಲೇ ಬರೆಯಬೇಡಿ, ಕತ್ತರಿಸಿದ್ದನ್ನು ಹೊಸ ಕಡತವಾಗಿ ಸೇರಿಸಿ.

ಮನ್ನಣೆಗೆ ಸೂಚಿಸಿದ ಚಿತ್ರಗಳು ಇದಕ್ಕಿಂತ ಹೆಚ್ಚಾಗಿ ಸೋಲುವುದು ‘ಸ್ಕೋಪ್’ ಎಂಬಲ್ಲಿ, ಅಂದರೆ ಚಿತ್ರ ಯಾವುದರ ಪ್ರತಿನಿಧಿ ಎಂದು ನೀವು ಹೇಳುವ ಮಾತಿನಲ್ಲಿ. ‘ಮಳೆಯಲ್ಲಿ ನೆನೆದ ಕೋಗಿಲೆ’ ಎಂದರೆ ತೀರ ಇಕ್ಕಟ್ಟು, ಒಪ್ಪುವುದಿಲ್ಲ. ಬರೇ ‘ಕೋಗಿಲೆ’ ಎಂದರೆ ಇರುವ ಎಲ್ಲ ಒಳ್ಳೆಯ ಚಿತ್ರಗಳೊಡನೆ ಪೈಪೋಟಿ. ಗಂಡು ಹೆಣ್ಣು ಬೇರೆಬೇರೆಯಾಗಿ ಕಾಣುವ ಹಕ್ಕಿಗಳಿಗೆ ‘ಗಂಡು’, ‘ಹೆಣ್ಣು’ ಎಂದು ಪ್ರತ್ಯೇಕ ಸ್ಕೋಪ್ ನಡೆಯುತ್ತದೆ. ಹೆಣ್ಣು ಕೋಗಿಲೆಗೆ ಕಂದು ಮೈ, ಬಿಳಿ ಚುಕ್ಕೆ. ಎಷ್ಟೋ ಜನ ಅದನ್ನು ಕೋಗಿಲೆ ಎಂದೇ ಗುರುತಿಸುವುದಿಲ್ಲ, ಆದ್ದರಿಂದ ಲೇಖನಕ್ಕೆ ಅದರ ಬೆಲೆ ಹೆಚ್ಚು. ಒಂದು ಸ್ಕೋಪ್‌ಗೆ ಒಂದೇ ಚಿತ್ರಕ್ಕೆ ಮನ್ನಣೆ. ಮುಂದೆ ಅದಕ್ಕಿಂತ ಒಳ್ಳೆಯದು ಬಂದರೆ ಎರಡನ್ನೂ ಎದುರುಬದುರು ಇಟ್ಟು ನೋಡುತ್ತಾರೆ, ಸೋತದ್ದು ಸ್ಥಾನ ಬಿಡಬೇಕು.

ಸೂಚಿಸುವ ಮುನ್ನ ಕಡತದ ಪುಟವನ್ನೂ ಸರಿಮಾಡಿ: ವೈಜ್ಞಾನಿಕ ಹೆಸರು, ಗಂಡೋ ಹೆಣ್ಣೋ, ತೆಗೆದ ದಿನ, ಜಾಗ, ಅಕ್ಷಾಂಶ ರೇಖಾಂಶ, ಸರಿಯಾದ ವರ್ಗ (ಕ್ಯಾಟಗರಿ). ‘ಸುಂದರ ಪಕ್ಷಿ’ ಎಂಬ ವಿವರಣೆ ಯಾರಿಗೂ ಉಪಯೋಗವಿಲ್ಲ. ಜಾಗದ ವಿಷಯದಲ್ಲಿ ಒಂದು ವಿನಾಯಿತಿ: ಅಪರೂಪದ ಹಕ್ಕಿಯ ಗೂಡಾದರೆ ನಿಖರ ಸ್ಥಳ ಕೊಡಬೇಡಿ, ತಾಲ್ಲೂಕಿನ ಹೆಸರು ಸಾಕು.

ಪ್ರಶ್ನೆ: ‘ಕ್ರಿಮ್ಸನ್ ರೋಸ್’ ಎಂದು ಹಾಕಿದ ನನ್ನ ಚಿಟ್ಟೆ ಚಿತ್ರವನ್ನು ಲೇಖನದಿಂದ ತೆಗೆದುಹಾಕಿದ್ದಾರೆ. ರೆಕ್ಕೆಯಲ್ಲಿ ಬಿಳಿ ಪಟ್ಟಿ, ಕೆಂಪು ಚುಕ್ಕೆ ಎರಡೂ ಇವೆಯಲ್ಲ?
— ಓದುಗರೊಬ್ಬರು, ಪುತ್ತೂರು

ರೆಕ್ಕೆ ಬಿಡಿ, ಮೈ ನೋಡಿ. ಕ್ರಿಮ್ಸನ್ ರೋಸ್‌ನ ತಲೆಯೂ ಹೊಟ್ಟೆಯೂ ಕೆಂಪು. ನೀವು ಕಳಿಸಿದ ಚಿತ್ರದಲ್ಲಿ ಮೈ ಕಪ್ಪು. ಅದು ಕಾಮನ್ ಮಾರ್ಮನ್ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು, ‘ರೊಮುಲಸ್’ ಎಂಬ ರೂಪ. ಈಶ್ವರಿ ಬಳ್ಳಿ ತಿಂದು ಬೆಳೆಯುವ ಕ್ರಿಮ್ಸನ್ ರೋಸ್ ಹಕ್ಕಿಗಳಿಗೆ ವಿಷ. ಆ ವೇಷ ಹಾಕಿಕೊಂಡು ಈ ಹೆಣ್ಣು ಬಚಾವಾಗುತ್ತದೆ. ಅದರ ಮರಿಹುಳ ತಿನ್ನುವುದು ನಿಂಬೆ, ಕರಿಬೇವಿನ ಎಲೆ, ವಿಷವೇನೂ ಇಲ್ಲ.

ಇಂಥ ತಪ್ಪು ಒಂದು ಲೇಖನಕ್ಕೆ ನಿಲ್ಲುವುದಿಲ್ಲ. ಕಾಮನ್ಸ್‌ನ ಹೆಸರು ನಂಬಿ ಹತ್ತು ಭಾಷೆಯವರು ಅದೇ ಚಿತ್ರ ಬಳಸುತ್ತಾರೆ, ವಿಕಿಪೀಡಿಯಗಳ ಮಾಹಿತಿ ಕೋಶವಾದ ವಿಕಿಡೇಟಾಕ್ಕೂ ಹೋಗಿ ಕೂರುತ್ತದೆ. ಕಡತದ ಹೆಸರು ಬದಲಿಸಲು ಕೋರಿಕೆ ಹಾಕಿ, ವಿವರಣೆ ತಿದ್ದಿ, ವರ್ಗ ಬದಲಿಸಿ. ಚಿತ್ರವನ್ನು ಅಳಿಸಬೇಕಿಲ್ಲ: ಅನುಕರಣೆಯ ಬಗೆಗಿನ ಲೇಖನದಲ್ಲಿ ನಿಜವಾದ ಕ್ರಿಮ್ಸನ್ ರೋಸ್ ಪಕ್ಕ ಇದನ್ನಿಟ್ಟರೆ ಮೊದಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಸೋಮನಾಥಪುರದ ಕೇಶವ ದೇವಾಲಯದ ಚಿತ್ರಗಳು ರಾಶಿ ಬಿದ್ದಿವೆ. ಲೇಖನದ ತಲೆಗೆ ಒಂದನ್ನು ಆರಿಸುವುದು ಹೇಗೆ?
— ಓದುಗರೊಬ್ಬರು, ತಿ. ನರಸೀಪುರ

ಲೇಖನದ ಮೊದಲ ಸಾಲು ಏನು ಹೇಳುತ್ತದೋ ಅದನ್ನು ತೋರಿಸುವ ಚಿತ್ರ ಬೇಕು. 1258ರ ಹೊಯ್ಸಳ ಗುಡಿ, ತ್ರಿಕೂಟ (ಮೂರು ಗರ್ಭಗುಡಿ), ನಕ್ಷತ್ರಾಕಾರದ ತಳವಿನ್ಯಾಸ ಎಂದು ಸಾಲು ಶುರುವಾಗುತ್ತದೆ ಎನ್ನಿ. ಮುಂಬಾಗಿಲ ಕಡೆಯಿಂದ ನೇರ ತೆಗೆದ ಚಿತ್ರದಲ್ಲಿ ಮಂಟಪವೇ ಮುಂದೆ ಬಂದು ಕೂರುತ್ತದೆ. ಹಿಂಬದಿಯ ಮೂಲೆಗೆ ಬಂದರೆ ಶಿಖರಗಳು ಬಿಡಿಬಿಡಿಯಾಗಿ ಕಾಣುತ್ತವೆ, ಗೋಡೆಯ ಕೋನಗಳನ್ನೇ ಅನುಸರಿಸುವ ಜಗತಿಯೂ (ಗುಡಿ ನಿಂತ ಕಟ್ಟೆ) ಸಿಗುತ್ತದೆ. ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಹಿಂಬದಿಗೆ ಬಿಸಿಲು ಮಧ್ಯಾಹ್ನದ ಮೇಲೆ. ಓರೆ ಬೆಳಕು ಬಿದ್ದಾಗ ಶಿಲ್ಪಪಟ್ಟಿಕೆಗಳು ಎದ್ದು ಕಾಣುತ್ತವೆ, ನಡುಹಗಲಲ್ಲಿ ಎಲ್ಲವೂ ಚಪ್ಪಟೆ.

ಮೊಬೈಲಿನ 0.5 ಲೆನ್ಸ್‌ನಲ್ಲಿ ತೆಗೆದವನ್ನು ಮೊದಲೇ ಪಕ್ಕಕ್ಕಿಡಿ. ಹತ್ತಿರ ನಿಂತು ತಲೆಯೆತ್ತಿ ತೆಗೆದರೆ ಶಿಖರ ಹಿಂದಕ್ಕೆ ವಾಲುತ್ತದೆ, ಅಂಚಿನ ಗೋಡೆ ಎಳೆದಂತಾಗುತ್ತದೆ. ವಾಸ್ತುಶಿಲ್ಪದ ಲೇಖನದಲ್ಲಿ ಪ್ರಮಾಣ ತಪ್ಪಿದ ಚಿತ್ರ ಹಾಕುವುದೂ ಉದ್ದಗಲ ತಪ್ಪು ಬರೆಯುವುದೂ ಒಂದೇ. ಪ್ರಾಕಾರದ ತನಕ ಹಿಂದೆ ಸರಿದು 1 ಅಥವಾ 2 ಲೆನ್ಸ್‌ನಲ್ಲಿ ತೆಗೆದದ್ದು ವಾಸಿ.

ಆರಿಸುವಾಗ ಹೀಗೆ ಮಾಡಿ. ವರ್ಗವನ್ನು ಪೂರ್ತಿ ನೋಡಿ ಆರೆಂಟು ಚಿತ್ರ ಉಳಿಸಿಕೊಳ್ಳಿ, ಅವನ್ನು ಮೊಬೈಲಿನಲ್ಲಿ ಹೆಬ್ಬೆರಳ ಅಗಲಕ್ಕೆ ಇಳಿಸಿ ನೋಡಿ. ಮೂರು ಶಿಖರ ಎಣಿಸಲಾಗದವು ಅಲ್ಲೇ ಬಿದ್ದುಹೋಗುತ್ತವೆ. ಗೋಡೆಯ ಶಿಲ್ಪಗಳ ಹತ್ತಿರದ ಚಿತ್ರಗಳು ಎಷ್ಟೇ ಸೊಗಸಾಗಿರಲಿ, ಅವು ಶಿಲ್ಪದ ವಿಭಾಗಕ್ಕೆ. ಇನ್ನೊಂದು ಮಾತು: ತಲೆಚಿತ್ರ ಬಲಗಡೆ ಬರುವುದರಿಂದ ಅದರಲ್ಲಿನ ಮುಖ ಎಡಕ್ಕೆ, ಅಂದರೆ ಬರಹದ ಕಡೆಗೆ, ನೋಡುತ್ತಿದ್ದರೆ ಒಳ್ಳೆಯದು. ಹಾಗೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಬಿಡಬೇಡಿ. ವೇಣುಗೋಪಾಲನ ಕೊಳಲು ಅತ್ತಿಂದಿತ್ತ ಆದರೆ ಅದು ಸುಳ್ಳು ಚಿತ್ರ.

ಪ್ರಶ್ನೆ: ನಮ್ಮ ಮನೆಯ ಆಲ್ಬಮ್‌ನಲ್ಲಿ ಊರಿನ ಹಳೆಯ ಸಂತೆ, ಅಜ್ಜನ ಕಾಲದ ನಾಟಕ ಕಂಪನಿಯ ಫೋಟೊಗಳಿವೆ. ಹಾಕಬಹುದೇ?
— ಓದುಗರೊಬ್ಬರು, ಗದಗ

ಇಂಥವೇ ನಿಜವಾಗಿ ಬೆಲೆಯುಳ್ಳವು, ಇನ್ನೊಬ್ಬರು ಹೋಗಿ ಮತ್ತೆ ತೆಗೆಯಲಾಗದವು. ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕಿನ ಲೆಕ್ಕ ಹೀಗೆ: ಭಾರತದಲ್ಲಿ 1958ಕ್ಕೆ ಮೊದಲು ತೆಗೆದ ಫೋಟೊಗಳ ಹಕ್ಕಿನ ಅವಧಿ ಮುಗಿದಿದೆ. ಆದರೆ ಕಾಮನ್ಸ್ ಅಮೆರಿಕದ ಕಾನೂನನ್ನೂ ನೋಡುತ್ತದೆ, ಅದರಿಂದ 1946ಕ್ಕೆ ಹಿಂದಿನದಾದರೆ ಚಿಂತೆಯೇ ಇಲ್ಲ. ಆಮೇಲಿನದಾದರೆ ಹಕ್ಕು ಯಾರದು ಎಂದು ನೋಡಬೇಕು. 1957ರ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ಸ್ಟುಡಿಯೊದ್ದಲ್ಲ. ಅಜ್ಜ ತೆಗೆಸಿದ್ದಾದರೆ ವಾರಸುದಾರರೆಲ್ಲ ಒಪ್ಪಿ ಪರವಾನಗಿ ಕೊಡಬಹುದು. ‘ವಾಣಿಜ್ಯ ಬಳಕೆ ಸಲ್ಲದು’ ಎಂಬ ಷರತ್ತು ಸೇರಿಸಿದರೆ ಕಾಮನ್ಸ್ ತೆಗೆದುಕೊಳ್ಳುವುದಿಲ್ಲ.

ಫೋಟೊದ ಫೋಟೊ ತೆಗೆಯಬೇಡಿ, ಗಾಜಿನ ಹೊಳಪೂ ನಿಮ್ಮ ನೆರಳೂ ಬರುತ್ತವೆ. ಚೌಕಟ್ಟಿನಿಂದ ಬಿಡಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. 4×6 ಇಂಚಿನ ಪ್ರತಿಗೆ 2400×3600 ಪಿಕ್ಸೆಲ್ ಸಿಗುತ್ತದೆ, ಮುದ್ರಣಕ್ಕೂ ಸಾಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊ ಮೊಹರು, ಪೆನ್ಸಿಲ್‌ನಲ್ಲಿ ಬರೆದ ತಾರೀಖು ಅಲ್ಲೇ ಇರುತ್ತವೆ, ಚಿತ್ರದ ಕಾಲಕ್ಕೆ ಅದೇ ಸಾಕ್ಷಿ. ಕಲೆ ತೆಗೆದದ್ದು, ಬಣ್ಣ ತುಂಬಿದ್ದು ಬೇರೆ ಕಡತವಾಗಿರಲಿ. ಲೇಖನಕ್ಕೆ ಮೂಲದ ಕಪ್ಪು-ಬಿಳುಪೇ ಸರಿ: ಸೀರೆಯ ಬಣ್ಣವನ್ನು ಸಾಫ್ಟ್‌ವೇರ್ ಊಹಿಸಿದರೆ ಅದು ಇತಿಹಾಸವಾಗದು.

ಪ್ರಶ್ನೆ: ಊರ ವೃತ್ತದ ಪ್ರತಿಮೆ, ಗೋಡೆಯ ಮೇಲಿನ ಬಣ್ಣದ ಚಿತ್ರ, ಸಿನಿಮಾ ಪೋಸ್ಟರ್: ಇವುಗಳ ಫೋಟೊ?
— ಓದುಗರೊಬ್ಬರು, ಬೆಂಗಳೂರು

ಸಾರ್ವಜನಿಕ ಜಾಗದಲ್ಲಿ ಕಾಯಂ ನಿಂತ ಪ್ರತಿಮೆಗೂ ಕಟ್ಟಡಕ್ಕೂ ಭಾರತದ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಗೋಡೆಚಿತ್ರಕ್ಕೆ ಆ ಅವಕಾಶವಿಲ್ಲ, ಕಲಾವಿದರ ಅನುಮತಿ ಬೇಕು. ಪೋಸ್ಟರ್ ಕಾಮನ್ಸ್‌ಗೆ ಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಆ ಸಿನಿಮಾದ ಲೇಖನಕ್ಕೆ ಮಾತ್ರ, ಸುಮಾರು 0.1 ಮೆಗಾಪಿಕ್ಸೆಲ್‌ಗೆ ಇಳಿಸಿ ಹಾಕಲು ಬಿಡುತ್ತಾರೆ.

ಪ್ರಶ್ನೆ: ಚಿತ್ರವೇ ಸಿಗದ ಲೇಖನಕ್ಕೆ ಎಐನಿಂದ ಮಾಡಿಸಿ ಹಾಕಿದರೆ?
— ಓದುಗರೊಬ್ಬರು, ಹುಬ್ಬಳ್ಳಿ

ಬೇಡ. ಹೊಯ್ಸಳ ಗುಡಿ ಕೇಳಿದರೆ ದ್ರಾವಿಡ ಗೋಪುರ ಕೂರಿಸಿ ಕೊಡುತ್ತದೆ, ನಂಬುವಂತೆಯೂ ಕಾಣುತ್ತದೆ. ಚಿತ್ರವಿಲ್ಲದ ಲೇಖನ ಸುಳ್ಳು ಹೇಳುವುದಿಲ್ಲ.

ಪ್ರಶ್ನೆ: ಮೈಸೂರು ಪಾಕ್ ಲೇಖನಕ್ಕೆ ತಟ್ಟೆ ತುಂಬ ಜೋಡಿಸಿದ ಚಿತ್ರ ಹಾಕಿದ್ದೆ. ಅಡಿಬರಹ ಬದಲಿಸಿ ಎಂದಿದ್ದಾರೆ.
— ಓದುಗರೊಬ್ಬರು, ಮೈಸೂರು

ಅಡಿಬರಹದಲ್ಲಿ ಬರೇ ‘ಮೈಸೂರು ಪಾಕ್’ ಎಂದಿದ್ದರೆ ಅದು ಶೀರ್ಷಿಕೆಯನ್ನೇ ಮತ್ತೆ ಹೇಳಿದಂತೆ. ಗಟ್ಟಿಯಾಗಿ ಗೂಡುಗೂಡಾಗಿರುವುದೋ, ಬಾಯಲ್ಲಿ ಕರಗುವ ಮೆತ್ತನೆಯ ತುಪ್ಪದ್ದೋ ಎಂದು ಬರೆಯಿರಿ. ಚಿತ್ರವನ್ನೂ ಬದಲಿಸುವುದು ಮೇಲು. ಮೇಲಿನಿಂದ ನೋಡಿದರೆ ಅದು ಯಾವ ಬರ್ಫಿಯೂ ಆಗಬಹುದು. ಒಂದು ತುಂಡನ್ನು ಮುರಿದು, ಮುರಿದ ಮುಖ ಕ್ಯಾಮೆರಾ ಕಡೆ ಬರುವಂತೆ ಇಟ್ಟು, ಪಕ್ಕದ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಫ್ಲಾಶ್ ಹಾಕಿದರೆ ತೂತುಗಳ ನೆರಳೆಲ್ಲ ಅಳಿಸಿಹೋಗಿ, ತುಪ್ಪದ ಜಿಡ್ಡು ಮಾತ್ರ ಹೊಳೆಯುತ್ತದೆ.